ಅಡುಗೆಮನೆ ಕಿಟಕಿಯ ಇಂಟರ್ನೆಟ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಇಂಟರ್ನೆಟ್ ಅಡುಗೆಮನೆ ಕಿಟಕಿಯಲ್ಲಿದೆ. ತುಳಸಿ ಕುಂಡಕ್ಕೂ ಮಿಕ್ಸಿಗೂ ನಡುವೆ ಅಂಗೈಯಗಲದ ಒಂದು ಬಿಳಿ ಡಬ್ಬಿ. ಒಳಗೊಂದು ಸಿಮ್. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದರೆ ಚೆಂದ ಕಾಣುತ್ತಿತ್ತು. ಆದರೆ ಅಲ್ಲಿ ಸಿಗ್ನಲ್ ಇಲ್ಲ. ಎದುರು ಬಿಲ್ಡಿಂಗಿನ ಮೇಲಿರುವ ಟವರಿಗೆ ನಮ್ಮ ಮನೆಯಲ್ಲಿ ಕಾಣುವುದು ಈ ಒಂದು ಕಿಟಕಿ ಮಾತ್ರ. ಡಬ್ಬಿಯಿಂದ ಬೆಡ್‌ರೂಮಿಗೆ ವೈಫೈ ಹೋಗಬೇಕಾದರೆ ಫ್ರಿಜ್ಜು, ಎರಡು ಗೋಡೆ ದಾಟಬೇಕು. ಹಾಗಾಗಿ ನಮ್ಮ ಅತ್ತೆ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಯಕ್ಷಗಾನ ನೋಡುತ್ತಾರೆ.

ಮೊನ್ನೆ ಮುಂಬಯಿಯ ಮಾಟುಂಗದಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋಗಿದ್ದೆ. ಪರಿಚಯದ ಒಬ್ಬರು ಕೇಳಿದರು, "ನೀವು ಇಂಟರ್ನೆಟ್ ತಂತಿ ತೆಗೆಸಿಬಿಟ್ಟಿರಂತೆ, ನಾವೂ ತೆಗೆಸಲಾ?" ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಇವತ್ತಿನ ಈ ಮಾತು.

ನಾವು ತಂತಿ ಬಿಟ್ಟಿದ್ದು ಶೋಕಿಗಲ್ಲ. ಮುಂಬಯಿ ಕಡೆ ಬಾಡಿಗೆಗೆ ಇರುವವರಿಗೆ ಈ ಲೆಕ್ಕ ಗೊತ್ತು. ಮನೆಯ ಅಗ್ರಿಮೆಂಟ್ 11 ತಿಂಗಳದ್ದು. ಬ್ರಾಡ್‌ಬ್ಯಾಂಡಿನವರು ರಿಯಾಯಿತಿ ಕೊಡುವುದು 12 ತಿಂಗಳ ದುಡ್ಡು ಒಟ್ಟಿಗೆ ಕಟ್ಟಿದರೆ. ನಾವು ಕಟ್ಟಿದೆವು. ಆಮೇಲೆ ಡೊಂಬಿವಲಿ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಸುಮ್ನೆ ರೈಲು ಹಳಿಯ ಆಚೆಗೆ, ಮನೆ ಬದಲಾಯಿಸಿದೆವು. ಹೊಸ ಸೊಸೈಟಿಗೆ ಆ ಕಂಪನಿಯ ತಂತಿಯೇ ಬಂದಿಲ್ಲ. ಉಳಿದ ತಿಂಗಳುಗಳ ದುಡ್ಡು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗಾಯಿತು.

ಇಲ್ಲಿ ಇದ್ದವನು ಕೇಬಲಿನವನೊಬ್ಬನೇ. ಅವನ ತಂತಿ ತಾರಸಿಯಿಂದ ತಾರಸಿಗೆ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಹೋಗುತ್ತದೆ. ಜೂನಿನ ಮೊದಲ ಗಾಳಿಮಳೆಗೆ ಅದು ಕಡಿಯಿತು. ಫೋನ್ ಮಾಡಿದರೆ "ಕಲ್ ಹೋ ಜಾಯೇಗಾ ಭಾಬೀ" ಅಂದ. ಅವನ ಆ 'ಕಲ್', ಅಂದರೆ ನಾಳೆ, ಬರುವಷ್ಟರಲ್ಲಿ ಒಂಬತ್ತು ದಿನ ಆಗಿತ್ತು. ಹತ್ತನೇ ದಿನ ಸಿಮ್ ಹಾಕುವ ಡಬ್ಬಿ ತಂದೆ.

ಫೋನಿನ ಹಾಟ್‌ಸ್ಪಾಟ್ ಸಾಲದಾ ಅಂತ ಕೇಳಬಹುದು. ಒಂದೆರಡು ದಿನಕ್ಕೆ ಸಾಕು. ದಿನವಿಡೀ ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ನಡೆಸಿದರೆ ಫೋನು ಕಾದು ಬ್ಯಾಟರಿ ಬೇಗ ಹಾಳಾಗುತ್ತದೆ. ಫೋನಿನ ಯಜಮಾನರು ತರಕಾರಿಗೆ ಹೋದರೆ ಮನೆಯ ಇಂಟರ್ನೆಟ್ಟೂ ಅವರ ಜೊತೆ ಮಾರ್ಕೆಟ್ಟಿಗೆ ಹೋಗುತ್ತದೆ.

ಡಬ್ಬಿ ತಂದ ಮೊದಲ ದಿನ ಮಧ್ಯಾಹ್ನ ಮೂರಕ್ಕೆ ವೇಗ ನೋಡಿದೆ. 80 ಎಂಬಿಪಿಎಸ್! ಕೇಬಲಿನವನು ಕೊಡುತ್ತಿದ್ದುದರ ಎರಡರಷ್ಟು. ಖುಷಿಯಲ್ಲಿ ಅವತ್ತೇ ತಂತಿ ತೆಗೆಸಿದೆ. ನನ್ನ ತಪ್ಪು ಅದೇ. ರಾತ್ರಿ ಒಂಬತ್ತೂವರೆಗೆ ನೋಡಿದರೆ 6. ಅದೇ ಡಬ್ಬಿ, ಅದೇ ಕಿಟಕಿ.

ಯಾಕೆ ಹೀಗೆ? ಮದುವೆಮನೆಯ ಊಟಕ್ಕೂ ದೇವಸ್ಥಾನದ ಸಂತರ್ಪಣೆಗೂ ಇರುವ ವ್ಯತ್ಯಾಸ ಇದು. ಫೈಬರ್ ತಂತಿಯಲ್ಲೂ ಹಂಚಿಕೆ ಇದೆ, ಆದರೆ ಒಂದು ಎಳೆ ಎಷ್ಟು ಮನೆಗೆ ಅನ್ನುವುದು ಹಾಕುವಾಗಲೇ ಲೆಕ್ಕ. ಕರೆದವರಷ್ಟೇ ಪಂಕ್ತಿಗೆ ಕೂರುತ್ತಾರೆ. ಟವರಿಗೆ ಆ ಲೆಕ್ಕ ಇಲ್ಲ. ಅದರ ಒಂದು ಮಗ್ಗುಲಲ್ಲಿ ಇರುವವರೆಲ್ಲ ಅದೇ ಅಲೆಯನ್ನು ಹಂಚಿಕೊಳ್ಳಬೇಕು. ಆಫೀಸಿನಿಂದ ಲೋಕಲ್ ಹಿಡಿದು ಬಂದ ಡೊಂಬಿವಲಿಯ ಜನ ಊಟ ಮಾಡುತ್ತಾ ಒಟ್ಟಿಗೇ ಫೋನ್ ಬಿಚ್ಚಿದರೆ ಸಾರು ತೆಳ್ಳಗಾಗದೆ ಇರುತ್ತದಾ?

5ಜಿ ಬಂದಿದೆಯಲ್ಲ ಅಂತೀರಿ. ಬಂದಿದೆ. ನಮ್ಮ ದೇಶದಲ್ಲಿ ಅದು ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ದಾರಿ ಅಗಲ, ಹಿಡಿಸುವುದು ಜಾಸ್ತಿ. ಆದರೆ ಇಲ್ಲಿ 5ಜಿಗೆ ಹೆಚ್ಚು ಬಳಸುವ 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗೆ ಕಾಂಕ್ರೀಟ್ ಗೋಡೆ ಅಂದರೆ ಆಗದು. 700, 900ರ ಅಲೆಗಳು ಗೋಡೆ ದಾಟಿ ಬರುತ್ತವೆ, ಇದು ಕಿಟಕಿಯಲ್ಲೇ ಸುಸ್ತಾಗುತ್ತದೆ. ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗಿನಲ್ಲಿ ಸಿಮ್ ವಿವರ ತೆಗೆದರೆ ಮೈನಸ್ ಹಾಕಿದ ಒಂದು ಸಂಖ್ಯೆ ಇರುತ್ತದೆ. 4ಜಿ, 5ಜಿಯಲ್ಲಿ ಅದು ಮೈನಸ್ 80ರ ಹತ್ತಿರ ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಆ ಮೂಲೆಯನ್ನು ಮರೆತುಬಿಡಿ. ಸಂಖ್ಯೆ ನೋಡುತ್ತಾ ಮನೆಯಿಡೀ ತಿರುಗಿದಾಗಲೇ ನನಗೆ ಈ ಕಿಟಕಿ ಸಿಕ್ಕಿದ್ದು.

ಈ ಗೋಡೆಯ ಕಾಟ ತಪ್ಪಿಸುವ ಒಂದು ದಾರಿ ಏರ್‌ಫೈಬರ್, ಅಂದರೆ 5ಜಿ ಅಲೆಯಲ್ಲೇ ಮನೆಗೆ ಬರುವ ಬ್ರಾಡ್‌ಬ್ಯಾಂಡ್. 2023ರ ಗಣೇಶ ಚೌತಿಯ ದಿನ, ಸೆಪ್ಟೆಂಬರ್ 19ಕ್ಕೆ, ಜಿಯೋ ಇದನ್ನು ಎಂಟು ನಗರಗಳಲ್ಲಿ ಶುರು ಮಾಡಿತು. ಮುಂಬಯಿ, ಪುಣೆ ಎರಡೂ ಅದರಲ್ಲಿದ್ದವು. ಏರ್‌ಟೆಲ್ ಅದಕ್ಕೂ ಸ್ವಲ್ಪ ಮುಂಚೆ ದೆಹಲಿ, ಮುಂಬಯಿಯಲ್ಲಿ ಶುರು ಮಾಡಿತ್ತು. ತಾರಸಿಯಲ್ಲೋ ಹೊರಗೋಡೆಯಲ್ಲೋ ಒಂದು ಆಂಟೆನಾ ಹಾಕುತ್ತಾರೆ. ಅಲ್ಲಿಂದ ಮನೆಯೊಳಗೆ ಒಂದು ತಂತಿ ಇಳಿಯುತ್ತದೆ. ತಂತಿ ಬೇಡ ಅಂತ ಹೋದವರಿಗೆ ತಂತಿ! ತಾರಸಿಗೆ ಹಾಕಲು ಸೊಸೈಟಿ ಸೆಕ್ರೆಟರಿಯ ಒಪ್ಪಿಗೆಯೂ ಬೇಕು. ಬಾಡಿಗೆಯವರು ಕೇಳಿದರೆ ಆ ಒಪ್ಪಿಗೆ ಹೇಗೆ ಸಿಗುತ್ತದೆ ಅನ್ನುವುದು ಬೇರೆಯೇ ಭಾಷಣದ ವಿಷಯ, ಬಿಡಿ.

ಇನ್ನು ಡೇಟಾ. ದಿನಕ್ಕೆ ಒಂದೂವರೆ ಜಿಬಿ ಅಂದರೆ ಒಬ್ಬರ ಫೋನಿಗೆ ಬೇಕಾದಷ್ಟಾಯಿತು. ಅದನ್ನೇ ಮನೆಗೆ ಹಾಕಿ ನೋಡಿ. ಅತ್ತೆಯ ಯಕ್ಷಗಾನ ಎಚ್‌ಡಿಯಲ್ಲಿ ಗಂಟೆಗೆ ಒಂದು ಜಿಬಿಗಿಂತ ಜಾಸ್ತಿ ತಿನ್ನುತ್ತದೆ. ಆಟ ಬೆಳಗಿನ ತನಕ. ಭಾಗವತರು ಎರಡನೇ ಪದ್ಯ ಎತ್ತುವಾಗಲೇ ಡೇಟಾ ಮುಗಿದಿರುತ್ತದೆ. ಮುಗಿದ ಮೇಲೆ ಎಷ್ಟೋ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. "ಅನ್‌ಲಿಮಿಟೆಡ್" ಅನ್ನುವ ಮಾತಿನ ಗುಟ್ಟು ಇದು. ಆ ವೇಗದಲ್ಲಿ ಒಂದು ಜಿಬಿ ಇಳಿಯಲು ಸುಮಾರು 35 ಗಂಟೆ ಬೇಕು. ನಾನು ಕೂತು ಲೆಕ್ಕ ಹಾಕಿದ್ದೇನೆ.

ಡೇಟಾ ಉಳಿಸಲು ಅತ್ತೆಯ ಫೋನಿನಲ್ಲಿ ಚಿತ್ರದ ಗುಣಮಟ್ಟವನ್ನು 360ಕ್ಕೆ ಇಳಿಸಿಟ್ಟೆ. ಎರಡು ದಿನ ಬಿಟ್ಟು ಅವರು, "ಇವತ್ತು ವೇಷದ ಬಣ್ಣವೇ ಸರಿ ಇಲ್ಲ ಮಾರಾಯ್ತಿ" ಅಂದರು. ಮರುಮಾತಿಲ್ಲದೆ ದೊಡ್ಡ ಪ್ಯಾಕಿಗೆ ಬದಲಾಯಿಸಿದೆ.

ಪ್ಯಾಕ್ ಕೊಳ್ಳುವಾಗ ದಿನಗಳನ್ನೂ ಎಣಿಸಿ. 28 ದಿನದ ಪ್ಯಾಕ್ ಆದರೆ ವರ್ಷಕ್ಕೆ 12 ಅಲ್ಲ, 13 ಸಲ ದುಡ್ಡು ಕಟ್ಟಬೇಕು. 30 ದಿನದ ಪ್ಯಾಕ್ ಒಂದಾದರೂ ಇಡಲೇಬೇಕು ಅಂತ 2022ರಲ್ಲಿ ಟ್ರಾಯ್, ಅಂದರೆ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ, ಕಂಪನಿಗಳಿಗೆ ಹೇಳಿದೆ. ಹುಡುಕಿದರೆ ಸಿಗುತ್ತದೆ.

ಮಾಟುಂಗದ ಆ ಪರಿಚಯದವರಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ನಿಮ್ಮದು ಸ್ವಂತ ಮನೆ, ಮೂರು ಜನ ಮನೆಯಿಂದಲೇ ಕೆಲಸ ಮಾಡುತ್ತೀರಿ, ಫೈಬರ್ ಚೆನ್ನಾಗಿ ನಡೆಯುತ್ತಿದೆ. ಯಾಕೆ ತೆಗೆಸುತ್ತೀರಿ? ತೆಗೆಸಲೇಬೇಕು ಅಂತಿದ್ದರೆ ಒಂದು ವಾರ ರಾತ್ರಿ ಒಂಬತ್ತೂವರೆಗೆ ಫೋನಿನಲ್ಲಿ ವೈಫೈ ಆಫ್ ಮಾಡಿ, ಬರೀ ಸಿಮ್ ಮೇಲೆ ವೇಗ ನೋಡಿ. ಆಮೇಲೆ ತಂತಿಗೆ ಕೈ ಹಾಕಿ. ನಮ್ಮ ಹಾಗೆ ಗಂಟುಮೂಟೆ ಕಟ್ಟುತ್ತಲೇ ಇರುವವರಿಗೆ ಡಬ್ಬಿ ಅನುಕೂಲ. ಎತ್ತಿ ಚೀಲಕ್ಕೆ ಹಾಕಿದರೆ ಆಯಿತು. ಕರೆಂಟ್ ಹೋದಾಗಲೂ ನಮ್ಮ ಡಬ್ಬಿ ಪವರ್‌ಬ್ಯಾಂಕ್ ಸಿಕ್ಕಿಸಿದರೆ ನಡೆಯುತ್ತದೆ.

ಮುಂದಿನ ತಿಂಗಳು ನಮ್ಮ ಅಗ್ರಿಮೆಂಟ್ ಮುಗಿಯುತ್ತದೆ. ಮತ್ತೆ ಮನೆ ಹುಡುಕಾಟ. ಬೇರೆಯವರು ನಲ್ಲಿ ತಿರುಗಿಸಿ ನೀರು ನೋಡುತ್ತಾರೆ. ನಾನು ರಾತ್ರಿ ಊಟ ಮುಗಿಸಿ ಹೋಗಿ ಕಿಟಕಿ ಕಿಟಕಿಗೂ ಫೋನ್ ಹಿಡಿಯುತ್ತೇನೆ. ಏಜೆಂಟ್ ಬಾಲ್ಕನಿ ತೋರಿಸಬೇಕು ಅಂತ ಬಾಗಿಲಲ್ಲಿ ಕಾಯುತ್ತಿರುತ್ತಾನೆ. ನಿನ್ನೆ ಒಂದು ಮನೆ ನೋಡಿ ಬಂದೆ. ಅಲ್ಲೂ ಸಿಗ್ನಲ್ ಚೆನ್ನಾಗಿರುವುದು ಅಡುಗೆಮನೆಯಲ್ಲೇ. ಹೇಳಿದ ಕೂಡಲೇ ಅತ್ತೆ ಕೇಳಿದರು, "ಅಲ್ಲಿ ಕುರ್ಚಿ ಹಾಕುವಷ್ಟು ಜಾಗ ಉಂಟಾ?"

ನಮಸ್ಕಾರ.