ಎಲ್ಲರೂ ಇಲ್ಲ ಅಂದಾಗ ಹೂಂ ಅಂದ ಚೀನಾ

ಕೇಳುಗರಿಗೆ ನಮಸ್ಕಾರ.

ಚೀನಾ ಮತ್ತು ಬಡ ದೇಶಗಳು ಅಂದ ಕೂಡಲೇ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಸಾಲದ ಬಲೆ, ಅಂದರೆ ತೀರಿಸಲಾಗದಷ್ಟು ಸಾಲ ಕೊಟ್ಟು ದೇಶವನ್ನೇ ಕಟ್ಟಿಹಾಕುವುದು. ಕೇಳಿ ಕೇಳಿ ನನಗಂತೂ ಸಾಕಾಗಿದೆ. ಆ ದೇಶ ಚೀನಾದ ಬಾಗಿಲಿಗೆ ಹೋಗುವ ಮೊದಲು ಯಾರ ಯಾರ ಬಾಗಿಲು ತಟ್ಟಿತ್ತು, ಅವರು ಏನಂದರು ಅಂತ ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳುವುದು ಇಷ್ಟೇ. ಬೇರೆಯವರು ಇಲ್ಲ ಅಂದ ಕಡೆ ಚೀನಾ ಹೂಂ ಅಂತು.

ಆಫ್ರಿಕಾದ ಜಾಂಬಿಯಾವನ್ನೇ ನೋಡಿ. ಸುತ್ತಲೂ ಬೇರೆ ದೇಶಗಳು, ಸಮುದ್ರ ಇಲ್ಲ. ಇರುವ ಆಸ್ತಿ ಅಂದರೆ ತಾಮ್ರ. 1964ರಲ್ಲಿ ಸ್ವಾತಂತ್ರ್ಯ ಬಂತು. ಆದರೆ ಆ ತಾಮ್ರ ಬಂದರು ಮುಟ್ಟಬೇಕಾದರೆ ದಕ್ಷಿಣದ ರೊಡೇಷ್ಯಾ, ಅಂದರೆ ಇವತ್ತಿನ ಜಿಂಬಾಬ್ವೆ, ದಾಟಬೇಕು. ಅಲ್ಲೋ ಬಿಳಿಯರದೇ ದರ್ಬಾರು. ಅಂಥವರ ಕೈಗೆ ಜುಟ್ಟು ಕೊಟ್ಟು ಕೂರುವುದು ಅಧ್ಯಕ್ಷ ಕೆನೆತ್ ಕೌಂಡಾ ಅವರಿಗೆ ಬೇಕಿರಲಿಲ್ಲ. ಪಕ್ಕದ ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಜೊತೆಯಾದರು. ಟಾಂಜಾನಿಯಾದ ದಾರ್ ಎಸ್ ಸಲಾಮ್ ಬಂದರಿಗೆ ಹೊಸ ರೈಲು ದಾರಿ ಬೇಕು ಅಂತ ಇಬ್ಬರೂ ಓಡಾಡಿದರು.

ವಿಶ್ವಬ್ಯಾಂಕ್ ಲೆಕ್ಕ ಹಾಕಿ, ಇದು ಗಿಟ್ಟುವುದಿಲ್ಲ ಅಂತು. ಪಶ್ಚಿಮದ ದೇಶಗಳೂ ಹಿಂದೆ ಸರಿದವು. ಅತ್ತ ತಾಮ್ರ ಹೊತ್ತ ಲಾರಿಗಳು ಕೆಟ್ಟ ಮಣ್ಣಿನ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಕರಾವಳಿಗೆ ಹೋಗಿ, ಪೀಪಾಯಿಗಳಲ್ಲಿ ಎಣ್ಣೆ ತುಂಬಿಕೊಂಡು ವಾಪಸ್ ಬರುತ್ತಿದ್ದವು. ಜನ ಆ ರಸ್ತೆಗೆ ನರಕದ ಹೆಸರನ್ನೇ ಇಟ್ಟಿದ್ದರು!

ಆಗ ಹೂಂ ಅಂದದ್ದು ಚೀನಾ. ಅದೇನು ಆಗ ಶ್ರೀಮಂತ ದೇಶವೇ? ಅಲ್ಲವೇ ಅಲ್ಲ. ಆದರೂ 1967ರಲ್ಲಿ ಬೀಜಿಂಗ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಸುಮಾರು 98 ಕೋಟಿ ಯುವಾನ್ ಸಾಲ, ಬಡ್ಡಿ ಇಲ್ಲ. 1970ರಲ್ಲಿ ಕೆಲಸ ಶುರು. ಸಾವಿರಾರು ಚೀನೀ ಕೆಲಸಗಾರರು ಬಂದು ಸ್ಥಳೀಯರ ಜೊತೆ ಹಳಿ ಹಾಕಿದರು. ಉದ್ದ 1,860 ಕಿಲೋಮೀಟರ್, 300ಕ್ಕೂ ಹೆಚ್ಚು ಸೇತುವೆ. ಕೆಲಸದಲ್ಲಿ ಪ್ರಾಣ ಬಿಟ್ಟ ಚೀನೀಯರ ಸಮಾಧಿಗಳು ದಾರ್ ಎಸ್ ಸಲಾಮ್ ಹತ್ತಿರ ಇವತ್ತಿಗೂ ಇವೆ. ಇನ್ನೊಂದು ಮಜಾ ಕೇಳಿ. ಸ್ಥಳೀಯ ಖರ್ಚಿಗೆ ದುಡ್ಡು ಹೇಗೆ ಹೊಂದಿಸಿದರು? ಚೀನಾದ ಸಾಮಾನನ್ನು ಅಲ್ಲಿನ ಅಂಗಡಿಗಳಲ್ಲಿ ಮಾರಿ! ಅಂದರೆ ರೈಲಿಗಿಂತ ಮೊದಲೇ ವ್ಯಾಪಾರ ಬಂದಿತ್ತು. ಈ ಚಾಲಾಕಿತನ ನನಗೆ ತುಂಬಾ ಇಷ್ಟ.

ಸುಮ್ನೆ ಮಾಡಿದರಾ? ಖಂಡಿತ ಇಲ್ಲ. 1971ರ ಅಕ್ಟೋಬರ್ 25. ತೈವಾನ್ ಸರ್ಕಾರ, ಬೀಜಿಂಗ್ ಸರ್ಕಾರ ಎರಡೂ ತಾವೇ ಚೀನಾ ಅನ್ನುತ್ತಿದ್ದವು; ವಿಶ್ವಸಂಸ್ಥೆಯಲ್ಲಿ ಚೀನಾದ ಸೀಟು ಯಾರಿಗೆ ಅಂತ ಮತದಾನ. ಬೀಜಿಂಗ್ ಪರ 76, ವಿರುದ್ಧ 35. ಆ 76ರಲ್ಲಿ ಮೂರನೇ ಒಂದು ಭಾಗ ಆಫ್ರಿಕಾದ್ದೇ. ಟಾಂಜಾನಿಯಾದ ಪ್ರತಿನಿಧಿಗಳಂತೂ ಸಭಾಂಗಣದಲ್ಲೇ ಸಂಭ್ರಮಿಸಿದರು. ಅಮೆರಿಕದವರಿಗೆ ಅದು ಮರೆಯಲಾಗದ ಅವಮಾನ. ಅಂಥ ಸಣ್ಣ ದೇಶಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದರೆ ಇನ್ನೇನಾಗುತ್ತದೆ?

ಈ ಕಥೆಯಲ್ಲೇ ನನ್ನ ಸಮಯ ಜಾಸ್ತಿ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

2000ದಲ್ಲಿ ಚೀನಾ ಮತ್ತು ಆಫ್ರಿಕಾದ ಸಹಕಾರ ವೇದಿಕೆ ಶುರುವಾಯಿತು. 2009ರ ಹೊತ್ತಿಗೆ ಆಫ್ರಿಕಾದ ಅತಿ ದೊಡ್ಡ ವ್ಯಾಪಾರ ಪಾಲುದಾರ ಚೀನಾ. ಎಣ್ಣೆ, ತಾಮ್ರ ಅತ್ತ ಹೋಗುತ್ತದೆ. ಯಂತ್ರ, ಫೋನು ಇತ್ತ ಬರುತ್ತದೆ. 2013ರಲ್ಲಿ ಬೇರೆ ದೇಶಗಳಲ್ಲಿ ರಸ್ತೆ, ರೈಲು, ಬಂದರು ಕಟ್ಟುವ ಚೀನಾದ ಬೆಲ್ಟ್ ಅಂಡ್ ರೋಡ್ ಯೋಜನೆ ಬಂದ ಮೇಲೆ ಸಾಲದ ಗಾತ್ರವೂ ಹಿಗ್ಗಿತು. ಆದರೆ ಬಡ್ಡಿ ಇಲ್ಲದ ಕಾಲ ಹೋಯಿತು.

ಶ್ರೀಲಂಕಾದ ಹಂಬಂತೋಟ ಬಂದರು ನಿಮಗೆ ಗೊತ್ತಲ್ವಾ? 2017ರಲ್ಲಿ 99 ವರ್ಷಕ್ಕೆ ಚೀನಾದ ಕಂಪನಿಗೆ ಗುತ್ತಿಗೆ ಹೋಯಿತು. ಸಾಲ ತೀರಿಸಲಾಗದೆ ಬಂದರು ಕೊಟ್ಟರು ಅನ್ನುತ್ತಾರೆ. ಆದರೆ ಗುತ್ತಿಗೆಯಿಂದ ಬಂದ 112 ಕೋಟಿ ಡಾಲರ್ ಬಂದರಿನ ಸಾಲಕ್ಕೆ ವಜಾ ಆಗಲಿಲ್ಲ, ಸಾಲ ಹಾಗೇ ಉಳಿಯಿತು. ಶ್ರೀಲಂಕಾದ ವಿದೇಶಿ ಸಾಲದಲ್ಲಿ ದೊಡ್ಡ ಪಾಲು ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದ್ದು. ಅದನ್ನು ಕೊಟ್ಟವರ ಹೆಸರು ಯಾರೂ ಎತ್ತುವುದಿಲ್ಲ ನೋಡಿ.

ಹಾಗಂತ ಚೀನಾ ದಾನಶೂರ ಕರ್ಣ ಅಲ್ಲ. ಅದೇ ಜಾಂಬಿಯಾ 2020ರಲ್ಲಿ ಕಂತು ಕಟ್ಟಲಾಗದೆ ಕೈಚೆಲ್ಲಿತು. ಸಾಲ ಕೊಟ್ಟ ಸರ್ಕಾರಗಳ ಜೊತೆ ಹೊಂದಾಣಿಕೆಯಾಗುವ ಹೊತ್ತಿಗೆ 2023ರ ಜೂನ್. ಆ ಮಾತುಕತೆಯಲ್ಲಿದ್ದ 630 ಕೋಟಿ ಡಾಲರ್‌ನಲ್ಲಿ ಹೆಚ್ಚಿನ ಪಾಲು ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕಿನದು. ಸಾಲದ ಷರತ್ತುಗಳು ಗುಟ್ಟಾಗಿರುವುದೇ ದೊಡ್ಡ ತಲೆನೋವು. ಹೂಂ ಅಂದವನ ಕಾಗದವನ್ನೂ ಓದಿಯೇ ಸಹಿ ಹಾಕಬೇಕು, ಮತ್ತು ಆ ಕಾಗದ ಅಲ್ಲಿನ ಜನರಿಗೂ ಓದಲು ಸಿಗಬೇಕು.

ನನಗೆ ಕೊಟ್ಟ ಸಮಯ ಮುಗಿಯಿತು. ನಮಸ್ಕಾರ.