ಬಯೋಡೇಟಾದಲ್ಲಿ ಬರೆದದ್ದೇ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹಾಸನ ಜಿಲ್ಲೆಯ ಹುಡುಗ ಹುಡುಗಿಯರಿಗೆ, ಹಾಗೆಯೇ ಅವರ ಅಪ್ಪ ಅಮ್ಮನಿಗೆ, ಇವತ್ತು ಇಂಟರ್‌ವ್ಯೂ ಬಗ್ಗೆ ನಾಲ್ಕು ಮಾತು.

ಮೊದಲೇ ಒಂದು ಎಚ್ಚರಿಕೆ. ಕೇಂದ್ರ ಸರ್ಕಾರದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನ ತೆಗೆದುಹಾಕಿದ್ದಾರೆ. "ಅಂಥ ಕೆಲಸದ ಇಂಟರ್‌ವ್ಯೂನಲ್ಲಿ ನಮ್ಮವರಿದ್ದಾರೆ, ಇಷ್ಟು ಕೊಟ್ಟರೆ ಆಯ್ತು" ಅಂತ ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಡಿ. ನಾನೀಗ ಹೇಳುವುದು ಖಾಸಗಿ ಕಂಪನಿಗಳ ಇಂಟರ್‌ವ್ಯೂ ವಿಷಯ.

ಕಾಲೇಜು ಮಕ್ಕಳಿಗೆ ನಾನು ಅಣಕು ಸಂದರ್ಶನ ಮಾಡಿಸುತ್ತಿರುತ್ತೇನೆ. ಬರುವ ಬಯೋಡೇಟಾಗಳೆಲ್ಲ ಅಣ್ಣ ತಮ್ಮಂದಿರ ಹಾಗಿರುತ್ತವೆ. ಸೈಬರ್ ಸೆಂಟರ್‌ನಲ್ಲಿ ಯಾರದ್ದೋ ಹಾಳೆಗೆ ಹೆಸರು ಬದಲಾಯಿಸಿ ಪ್ರಿಂಟ್ ತೆಗೆದದ್ದು, ಅಷ್ಟೇ. ಹವ್ಯಾಸ ಅಂತ ಇರುವ ಕಡೆ 'ಓದುವುದು'. ಇತ್ತೀಚೆಗೆ ಏನು ಓದಿದೆಯಪ್ಪಾ ಅಂದರೆ ಮುಖ ಮುಖ ನೋಡುತ್ತಾರೆ. ಎದುರಿಗೆ ಕೂತವರ ಕೈಯಲ್ಲಿ ಇರುವುದು ಅದೊಂದೇ ಹಾಳೆ. ಪ್ರಶ್ನೆ ಅದರಿಂದಲೇ ಹುಟ್ಟುತ್ತದೆ. ಹಾಗಾಗಿ ಒಂದೊಂದು ಸಾಲಿಗೂ ಬೆರಳಿಟ್ಟು, "ಇದರ ಬಗ್ಗೆ ಎರಡು ನಿಮಿಷ ಮಾತಾಡಬಲ್ಲೆನಾ?" ಅಂತ ಕೇಳಿಕೊಳ್ಳಿ. ಆಗದಿದ್ದರೆ ಆ ಸಾಲು ತೆಗೆಯಿರಿ.

ಇನ್ನೊಂದು ತಮಾಷೆ ಇದೆ. ಬರೆಯಬೇಕಾದದ್ದನ್ನೇ ನಮ್ಮವರು ಬರೆಯುವುದಿಲ್ಲ. ಸಕಲೇಶಪುರ ಕಡೆಯ ಒಬ್ಬಳು ಬಿ.ಕಾಂ. ಹುಡುಗಿ, ಅಕೌಂಟ್ಸ್ ಕೆಲಸಕ್ಕೆ ತಯಾರಿ ಮಾಡುತ್ತಿದ್ದಳು. ಅನುಭವ ಏನಮ್ಮಾ ಅಂದರೆ, "ಏನೂ ಇಲ್ಲ ಸಾರ್" ಅಂದಳು. ಮನೆಯಲ್ಲಿ ಕಾಫಿ ತೋಟ ಇದೆಯಂತೆ. ಕುಯ್ಲಿನ ಟೈಮಲ್ಲಿ ಏನು ಮಾಡ್ತೀಯ ಅಂತ ಕೆದಕಿದೆ. "ಸುಮ್ನೆ ಲೆಕ್ಕ ಬರೀತೀನಿ." ಸುಮ್ನೆ ಅಂತೆ! ಸಂಜೆ ಕೂಲಿಯವರು ಕುಯ್ದ ಹಣ್ಣನ್ನು ಒಬ್ಬೊಬ್ಬರದ್ದಾಗಿ ತೂಗಿಸಿ ಕೆಜಿ ಬರೆದುಕೊಳ್ಳಬೇಕು, ಕೊಟ್ಟ ಅಡ್ವಾನ್ಸ್ ಮುರಿಯಬೇಕು, ವಾರದ ಬಟವಾಡೆಗೆ ಚಿಲ್ಲರೆ ಸಮೇತ ದುಡ್ಡು ಜೋಡಿಸಬೇಕು. ಒಂದು ವಾರ ಪುಸ್ತಕದ ತೂಕಕ್ಕೂ ಒಟ್ಟು ಹಣ್ಣಿನ ತೂಕಕ್ಕೂ ತಾಳೆ ಬರಲಿಲ್ಲವಂತೆ. ಕೂತು ಹುಡುಕಿದರೆ, ಕೆಲವರದ್ದರಲ್ಲಿ ಖಾಲಿ ಚೀಲದ ತೂಕ ಕಳೆದಿರಲಿಲ್ಲ. ಕಂಡುಹಿಡಿದವಳು ಇವಳೇ. ಅಕೌಂಟ್ಸ್ ಕೆಲಸ ಅಂದರೆ ಇದೇ ಅಲ್ವಾ? "ನಿಮ್ಮ ಬಗ್ಗೆ ಹೇಳಿ" ಅಂದಾಗ ಅಪ್ಪನ ಉದ್ಯೋಗ, ಮನೆಯಲ್ಲಿ ಎಷ್ಟು ಜನ ಅಂತ ಒಪ್ಪಿಸುವ ಬದಲು ಈ ಚೀಲದ ಕತೆ ಹೇಳು ಅಂದೆ. ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡಿ ಬರೆದವರು, ಅಂಗಡಿಯಲ್ಲಿ ಸ್ಟಾಕ್ ನೋಡಿಕೊಂಡವರು, ನಿಮ್ಮ ಹತ್ತಿರವೂ ಇಂಥದ್ದು ಇದ್ದೇ ಇರುತ್ತದೆ.

ಊರಿನ ಬಗ್ಗೆಯೂ ಕೇಳುತ್ತಾರೆ. ಬೇಲೂರು ಹಳೇಬೀಡು ಹೇಳಿ ಎಲ್ಲರೂ ಸುಮ್ಮನಾಗುತ್ತಾರೆ. ಎಲೆಕ್ಟ್ರಾನಿಕ್ಸ್ ಓದಿದವರಿಗೂ ಹಾಸನದ ಇಸ್ರೋ ಕೇಂದ್ರದಲ್ಲಿ ಏನು ನಡೆಯುತ್ತದೆ ಗೊತ್ತಿರುವುದಿಲ್ಲ! ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಜಾಗ ಅದು.

ಇಂಗ್ಲಿಷ್ ಭಯ ನನಗೆ ಗೊತ್ತು. ಗಟ್ಟು ಹೊಡೆದ ಉದ್ದ ವಾಕ್ಯ ಮಧ್ಯದಲ್ಲಿ ಕೈಕೊಡುತ್ತದೆ. ಸಣ್ಣ ಸಣ್ಣ ವಾಕ್ಯ ಸಾಕು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ, ಆದರೂ ಕೇಳಿ.

ಬೆಂಗಳೂರಿಗೆ ಹೋಗುವುದಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ. ಹಾಸನದಿಂದ ಸುಮಾರು 180 ಕಿಲೋಮೀಟರ್ ಬಂದವರಿಗೆ ನೆಲಮಂಗಲ ದಾಟಿದ ಮೇಲಿನ ಟ್ರಾಫಿಕ್ಕೇ ಸುಸ್ತು ಮಾಡಿಸುತ್ತದೆ. ಮಾರ್ಕ್ಸ್ ಕಾರ್ಡಿನ ಒರಿಜಿನಲ್, ಎರಡು ಸೆಟ್ ಜೆರಾಕ್ಸ್ ಒಂದೇ ಫೈಲಲ್ಲಿರಲಿ. ವಿಡಿಯೋ ಕಾಲ್ ಇಂಟರ್‌ವ್ಯೂ ಆದರೆ, ಮಳೆಗಾಲದಲ್ಲಿ ತೋಟದ ಮನೆಯ ಕರೆಂಟು, ನೆಟ್‌ವರ್ಕ್ ನಂಬಬೇಡಿ. ಪೇಟೆಯಲ್ಲಿ ಗೆಳೆಯರ ರೂಮು ಹಿಡಿಯಿರಿ.

ಕೊನೆಗೆ ಸಂಬಳದ ಮಾತು ಬರುತ್ತದೆ. "ಎಷ್ಟಾದರೂ ಪರವಾಗಿಲ್ಲ ಸಾರ್" ಅನ್ನಬೇಡಿ. ಪಿಜಿ ಬಾಡಿಗೆ, ಊಟ, ಓಡಾಟ ಲೆಕ್ಕ ಹಾಕಿಕೊಂಡೇ ಹೋಗಿ. ಅವರು ಸಿಟಿಸಿ ಅಂತ ಹೇಳುವ ಮೊತ್ತ, ಅಂದರೆ ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ಪೂರ್ತಿ ಕೈಗೆ ಬರುವುದಿಲ್ಲ. ಪಿಎಫ್‌ಗೆ ಸಾಮಾನ್ಯವಾಗಿ ಮೂಲ ವೇತನದ ಶೇಕಡಾ 12 ನಿಮ್ಮಿಂದ ಹಿಡಿಯುತ್ತಾರೆ. ಕಂಪನಿ ಕಟ್ಟುವ ಪಾಲನ್ನೂ ಬಹಳ ಕಡೆ ಸಿಟಿಸಿಯಲ್ಲೇ ಸೇರಿಸಿರುತ್ತಾರೆ. "ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಸಾರ್?" ಅಂತ ಕೇಳಿ. ಅದನ್ನು ಕೇಳಿದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ.

ನಮಸ್ಕಾರ.