ಅನಂತ್ ನಾಗ್ ಅವರದ್ದು ಲಕ್ಕಲ್ಲ, ನಾಟಕ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಿಂದ ಮಾತಾಡುತ್ತಿದ್ದೇನೆ. ಇವತ್ತಿಗೆ ಬೇರೆ ವಿಷಯ ಬರೆದಿಟ್ಟಿದ್ದೆ, ಅದನ್ನು ಬದಿಗಿಟ್ಟೆ. ಕಾರಣ ಒಂದು ಕಮೆಂಟ್. ಹೋದ ಸಲ ಅನಂತ್ ನಾಗ್ ಹೆಸರು ಹೇಳಿದ್ದಕ್ಕೆ ಒಬ್ಬರು ಬರೆದಿದ್ದಾರೆ: "ಕೆಜಿಎಫ್ ಸಿಕ್ಕಿತು, ಮುದುಕರಿಗೆ ಮತ್ತೆ ಮಾರ್ಕೆಟ್ ಬಂತು. ಲಕ್ಕು ಅಷ್ಟೇ." ಅದಕ್ಕೆ ಲೈಕು ಬೇರೆ! ಮಂಡೆ ಬಿಸಿ ಆಯಿತು ಮಾರಾಯ್ರೆ.

ಮೊದಲು ಲೆಕ್ಕ ಸರಿ ಮಾಡುವ. ಕೆಜಿಎಫ್ ಬಂದದ್ದು 2018ರ ಡಿಸೆಂಬರಿನಲ್ಲಿ. 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಬಂದದ್ದು 2016ರಲ್ಲಿ. ಮರೆವಿನ ಕಾಯಿಲೆ ಇರುವ ವೆಂಕೋಬ ರಾವ್ ಪಾತ್ರ, ಮಗನಾಗಿ ನಮ್ಮ ಉಡುಪಿಯ ರಕ್ಷಿತ್ ಶೆಟ್ಟಿ. ಕಾಸರಗೋಡಿನ ಕನ್ನಡ ಶಾಲೆಯ ಸಿನಿಮಾ, ರಿಷಬ್ ಶೆಟ್ಟಿಯವರದ್ದು, ಅದೂ ಕೆಜಿಎಫ್‌ಗಿಂತ ಮೊದಲೇ ಬಂದಿತ್ತು. ಹಾಗಾದರೆ ಲಕ್ಕು ಯಾವಾಗ ಬಂತು?

ಲಕ್ಕಲ್ಲ. ನಾಟಕ.

ಅನಂತ್ ನಾಗ್ ಚಿಕ್ಕಂದಿನಲ್ಲಿ ನಮ್ಮ ಈ ಕರಾವಳಿಯಲ್ಲೇ, ಚಿತ್ರಾಪುರ ಮಠದಲ್ಲೂ ಓದಿದವರು. ಮನೆ ಮಾತು ಕೊಂಕಣಿ. ಆಮೇಲೆ ಬಾಂಬೆ. ಅಲ್ಲಿ ಕೊಂಕಣಿ, ಕನ್ನಡ, ಮರಾಠಿ ನಾಟಕ ಮಾಡಿದರು. ಸತ್ಯದೇವ್ ದುಬೆ ಅಂಥ ನಾಟಕ ನಿರ್ದೇಶಕರ ಜೊತೆ ಕೆಲಸ ಮಾಡಿದರು. ಅಷ್ಟೆಲ್ಲ ಆದ ಮೇಲೆ 1973ರಲ್ಲಿ 'ಸಂಕಲ್ಪ', 1974ರಲ್ಲಿ ಶ್ಯಾಮ್ ಬೆನಗಲ್ ಅವರ 'ಅಂಕುರ್'. ಕ್ಯಾಮೆರಾ ಎದುರು ನಿಲ್ಲುವ ಹೊತ್ತಿಗೆ ಭಾಷೆ ಭಾಷೆಯ ಜನರ ಮುಂದೆ ನಿಂತು ಪಳಗಿದ್ದರು.

"ನಾಟಕದವರು ಓವರ್ ಆಕ್ಟಿಂಗ್ ಮಾಡುತ್ತಾರೆ" ಅಂತ ಹೇಳುವವರು ಇದ್ದಾರೆ. ಸುಮ್ನೆ ಹೇಳುವುದು ಅಷ್ಟೇ. 'ಅಂಕುರ್'ನ ಕೊನೆ ನೋಡಿ. ಜಮೀನ್ದಾರನ ಮಗ ತಪ್ಪಿಲ್ಲದ ಆಳಿಗೆ ಚಾಟಿಯಲ್ಲಿ ಹೊಡೆದಿದ್ದಾನೆ. ಹೊರಗೆ ಆ ಆಳಿನ ಹೆಂಡತಿ ಪಾತ್ರದ ಶಬಾನಾ ಆಜ್ಮಿ ಕಿರುಚಿ ಶಾಪ ಹಾಕುತ್ತಿದ್ದಾರೆ. ಒಳಗೆ ಮುಚ್ಚಿದ ಬಾಗಿಲ ಹಿಂದೆ ಅನಂತ್ ನಾಗ್. ಬಾಯಲ್ಲಿ ಮಾತಿಲ್ಲ, ಹೆದರಿಕೆ ಮಾತ್ರ. ಎಲ್ಲಿದೆ ಓವರ್ ಆಕ್ಟಿಂಗ್? ಅದು ಹೆಚ್ಚು ಕಡಿಮೆ ಅವರ ಶುರುವಿನ ಸಿನಿಮಾ, ನೆನಪಿರಲಿ. ಎದುರಿನವರು ಮಾತಾಡುವಾಗ ಬರೀ ಕೇಳಿಸಿಕೊಂಡು ನಿಲ್ಲುವುದನ್ನು ಕಲಿಸುವುದು ಸ್ಟೇಜು. ಅಲ್ಲಿ ಕಟ್ ಹೇಳುವವರಿಲ್ಲ. ಎರಡನೇ ಟೇಕ್ ಇಲ್ಲ. ಡಬ್ಬಿಂಗಿನಲ್ಲಿ ಸರಿ ಮಾಡುವ ಅಂತ ಇಲ್ಲ.

ಮುಂದೆ 'ಹಂಸಗೀತೆ', 'ಬರ', ತಮ್ಮ ಶಂಕರ್ ನಾಗ್ ಮಾಡಿದ 'ಮಿಂಚಿನ ಓಟ'. 'ಗಣೇಶನ ಮದುವೆ' ಕಾಮಿಡಿ ಅಂತೂ ನಮ್ಮ ಮನೆಗಳಲ್ಲಿ ಟಿವಿಯಲ್ಲಿ ಬಂದಾಗಲೆಲ್ಲ ನೋಡುವುದೇ. ಗಂಭೀರ ಪಾತ್ರವೂ ಅವರೇ, ನಗಿಸುವುದೂ ಅವರೇ. ಎಲ್ಲಿಂದ ಬಂತು ಅದು? ನಾಟಕದಿಂದ.

ನಡುವೆ ರಾಜಕೀಯ. 1994ರಲ್ಲಿ ಮಲ್ಲೇಶ್ವರದ ಶಾಸಕ, ಆಮೇಲೆ ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ಎದುರು ಸೋಲು. ಎಷ್ಟು ಜನ ನಟರು ಇಷ್ಟಾದ ಮೇಲೆ ವಾಪಸ್ ಬಂದಿದ್ದಾರೆ ಹೇಳಿ? ಇವರು ಬಂದರು. 2006ರಲ್ಲಿ 'ಮುಂಗಾರು ಮಳೆ'ಯಲ್ಲಿ ನಾಯಕಿಯ ಅಪ್ಪ. ಹೀರೋ ಆಗಿಯೇ ಬರುತ್ತೇನೆ ಅಂತ ಹಟ ಹಿಡಿಯಲಿಲ್ಲ. ನಾಟಕ ಮಾಡಿದವನಿಗೆ ಇವತ್ತು ರಾಜ, ನಾಳೆ ಸೇವಕ ಅನ್ನುವುದು ಮೊದಲೇ ಗೊತ್ತಿರುತ್ತದೆ. ಹತ್ತು ವರ್ಷ ಕಳೆದ ಮೇಲೆ ವೆಂಕೋಬ ರಾವ್. ಮಗನನ್ನೇ ನೋಡುತ್ತಿದ್ದರೂ ಗುರುತು ಹತ್ತದ ಆ ಕಣ್ಣು! ಮೇಕಪ್ಪಿನಿಂದ ಬರುತ್ತದಾ ಅದು?

ಇನ್ನು ಆ ಕೆಜಿಎಫ್. ಸರಿಯಾಗಿ ನೋಡಿ ಒಮ್ಮೆ. ಅವರಿಗೆ ಫೈಟ್ ಇಲ್ಲ, ಬೈಕ್ ಇಲ್ಲ. ಆನಂದ್ ಇಂಗಳಗಿ ಅನ್ನುವ ಪತ್ರಕರ್ತ, ಕುರ್ಚಿಯಲ್ಲಿ ಕೂತು ಕಥೆ ಹೇಳುತ್ತಾರೆ. ಹೀರೋ ಎಷ್ಟು ದೊಡ್ಡವನು ಅಂತ ನಾವು ನಂಬಿದ್ದೇ ಆ ಸ್ವರ ಕೇಳಿ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಇಳಿಸಬೇಕು ಅನ್ನುವ ಲೆಕ್ಕ ಉಂಟಲ್ಲ, ಅದು ಸ್ಟೇಜಿನ ಸ್ವರ. ಕೆಜಿಎಫ್ ಅವರಿಗೆ ಮಾರ್ಕೆಟ್ ಕೊಟ್ಟದ್ದಲ್ಲ, ಅವರೇ ಕೆಜಿಎಫ್‌ಗೆ ಸ್ವರ ಕೊಟ್ಟದ್ದು! 2025ರಲ್ಲಿ ಪದ್ಮಭೂಷಣ ಬಂತು. ಅದೂ ಲಕ್ಕಾ?

"ರಾಜ್ ಬಿ ಶೆಟ್ಟಿ ನಾಟಕದಿಂದ ಬಂದವರಾ?" ಅಂತ ಕೇಳುತ್ತೀರಿ, ಗೊತ್ತು. ಅವರು ರೇಡಿಯೋದಲ್ಲಿ ಮಾತಾಡಿ ಬಂದವರು. ಅಲ್ಲಿಯೂ ಸ್ವರವೇ ಬಂಡವಾಳ. ಮುಗಿಯಿತು. ಡಾ. ರಾಜ್‌ಕುಮಾರ್ ಎಲ್ಲಿಂದ ಬಂದರು? ಗುಬ್ಬಿ ನಾಟಕ ಕಂಪನಿಯಿಂದ. ನಮ್ಮ ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ್ ವಾಮಂಜೂರು? ತುಳು ನಾಟಕದಿಂದ. 'ಕಾಂತಾರ'ದಲ್ಲಿ ನಗಿಸಿದ ಪ್ರಕಾಶ್ ತುಮಿನಾಡು, 'ಸು ಫ್ರಮ್ ಸೋ' ಮಾಡಿದ ಜೆ.ಪಿ. ತುಮಿನಾಡು? ನಾಟಕದಿಂದಲೇ. ಇನ್ನೂ ಎಷ್ಟು ಹೆಸರು ಬೇಕು?

ಇದನ್ನು ಜೋರಾಗಿಯೇ ಹೇಳುತ್ತೇನೆ, ಯಾಕೆಂದರೆ ಆಡಿಶನ್‌ಗೆ ಓಡುವ ನಮ್ಮ ಹುಡುಗ ಹುಡುಗಿಯರು ಜಿಮ್ಮಿಗೆ ದುಡ್ಡು ಕೊಡುತ್ತಾರೆ, ಫೋಟೋಶೂಟ್‌ಗೆ ಕೊಡುತ್ತಾರೆ. ನಾಟಕದ ಪ್ರಾಕ್ಟೀಸ್‌ಗೆ ಬಾ ಅಂದರೆ ಮಾತ್ರ ಟೈಮ್ ಇಲ್ಲ. ರೀಲ್ಸ್‌ನಲ್ಲಿ ಮೂವತ್ತು ಸೆಕೆಂಡ್ ಆಕ್ಟ್ ಮಾಡಿದವರು ಎರಡು ಗಂಟೆ ಹೇಗೆ ನಿಲ್ಲುತ್ತೀರಿ? ಎಪ್ಪತ್ತು ದಾಟಿದ ಮೇಲೆ ಯಾರು ಕರೆಯುತ್ತಾರೆ ನಿಮ್ಮನ್ನು? ಹೋಗಿ, ನಾಟಕ ಮಾಡಿ! ಮಾಡಲು ಆಗದಿದ್ದರೆ ಟಿಕೆಟ್ ತೆಗೆದು ನೋಡಿ. ಪುರಭವನ ಉಂಟು, ಡಾನ್ ಬಾಸ್ಕೋ ಹಾಲ್ ಉಂಟು, ಶಕ್ತಿನಗರದ ಕಲಾಂಗಣ ಉಂಟು. ಉಡುಪಿಯಲ್ಲಿ 'ರಂಗಭೂಮಿ' ಸಂಸ್ಥೆಯವರ ನಾಟಕ ಸ್ಪರ್ಧೆ ಉಂಟು. ಇನ್ನೇನು ಮನೆಗೇ ತಂದು ಆಡಬೇಕಾ?

ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿ. ಮುಂದಿನ ವಾರ ಪಡೀಲ್ ಅವರ ಬಗ್ಗೆ ಪೂರ್ತಿ ಸಂಚಿಕೆ ಮಾಡುತ್ತೇನೆ. ಲಕ್ಕು ಅಂತ ಬರೆದವರೇ, ನೀವು ಕೊನೆಯ ಸಲ ನೋಡಿದ ನಾಟಕ ಯಾವುದು? ಕೆಳಗೆ ಹೆಸರು ಹಾಕಿ, ಓದುತ್ತೇನೆ.